ಸತ್ಯವಾದಿ, ಮಿಥ್ಯಾವಾದಿ, ಪರ್ಯಾಯವಾದಿ: ಕಲ್ಕುಡನ ಪಾಡ್ದನ ಮತ್ತು ಗೊಮ್ಮಟ ಶಾಸನಗಳ ಸಾಕ್ಷ್ಯವಿಮರ್ಶೆ

೧

ತರ್ಕವಿನೋದದ ಗ್ರಂಥಗಳಲ್ಲಿ ಮೂರು ಬಗೆಯ ಜನರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಾರೆ. ಎಂದೆಂದಿಗೂ ನಿಜವನ್ನೇ ನುಡಿಯುವವನು ಒಬ್ಬ, ಅವನನ್ನು ಸತ್ಯವಾದಿಯೆನ್ನೋಣ. ಎಂದೆಂದಿಗೂ ಸುಳ್ಳನ್ನೇ ನುಡಿಯುವವನು ಇನ್ನೊಬ್ಬ, ಅವನು ಮಿಥ್ಯಾವಾದಿ. ಒಂದು ಸಲ ನಿಜ, ಮರುಸಲ ಸುಳ್ಳು, ಹೀಗೆ ಸರದಿ ತಪ್ಪದೆ ನುಡಿಯುವವನು ಮೂರನೆಯವನು; ಅವನು ಪರ್ಯಾಯವಾದಿ. ಇವರಲ್ಲಿ ಯಾರು ಯಾರೆಂಬುದು ಪ್ರಶ್ನೆ ಕೇಳುವವನಿಗೆ ತಿಳಿದಿರುವುದಿಲ್ಲ. ಕೆಲವೇ ಪ್ರಶ್ನೆಗಳಿಂದ ಅದನ್ನು ಕಂಡುಹಿಡಿಯಬೇಕು, ಇಲ್ಲವೆ ಅವರಿಂದ ಒಂದು ಸಂಗತಿಯ ನಿಜವನ್ನು ಹೊರಡಿಸಬೇಕು. ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ ಈ ಜಾತಿಯ ಸಮಸ್ಯೆಯೊಂದನ್ನು ೧೯೩೧ರಲ್ಲಿ 'ಬಾಸ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರೇಮಂಡ್ ಸ್ಮಲಿಯನ್ ೧೯೭೮ರಲ್ಲಿ ಹೊರತಂದ ಗ್ರಂಥದಿಂದ ಇವು ಲೋಕಪ್ರಸಿದ್ಧವಾದವು. ೧೯೯೬ರಲ್ಲಿ ಜಾರ್ಜ್ ಬೂಲೋಸ್, ಮೂವರು ದೇವತೆಗಳಲ್ಲಿ ಒಬ್ಬನು ಮನಬಂದಂತೆ ನುಡಿಯುವನೆಂದು ಕಲ್ಪಿಸಿ, ಸಮಸ್ಯೆಯನ್ನು ಇನ್ನಷ್ಟು ಜಟಿಲಗೊಳಿಸಿದರು.

ಇತಿಹಾಸವನ್ನು ಅಭ್ಯಸಿಸುವವನಿಗೆ ಈ ವಿನೋದದಿಂದ ಏನು ಪ್ರಯೋಜನವೆಂದು ಕೇಳಬಹುದು. ಇತಿಹಾಸಕಾರನ ಕೆಲಸವೂ ಸಾಕ್ಷಿಗಳನ್ನು ವಿಚಾರಿಸುವುದೇ. ಶಾಸನ, ಕೈಫಿಯತ್ತು, ಪಾಡ್ದನ, ಪ್ರವಾಸಿಗರ ಬರವಣಿಗೆ ಇವೆಲ್ಲ ಅವನ ಮುಂದೆ ನಿಂತ ಸಾಕ್ಷಿಗಳು. ಈ ಸಾಕ್ಷಿಗಳನ್ನು ನಾವು ನಮಗರಿವಿಲ್ಲದೆಯೇ ಸಮಸ್ಯಾಗ್ರಂಥಗಳ ಮೂರು ವರ್ಗಗಳಿಗೆ ಸೇರಿಸುತ್ತ ಬಂದಿದ್ದೇವೆ. ಕಲ್ಲಿನ ಮೇಲಿನ ಬರಹ ಸತ್ಯವಾದಿ. ಬಾಯಿಂದ ಬಾಯಿಗೆ ಬಂದ ಹಾಡು ಮಿಥ್ಯಾವಾದಿ. ಸ್ವಲ್ಪ ಉದಾರಿಗಳಾದರೆ ಹಾಡನ್ನು ಪರ್ಯಾಯವಾದಿಯೆಂದು ಕರೆದು, ಅರ್ಧ ನಿಜ ಅರ್ಧ ಸುಳ್ಳೆಂದು ತೀರ್ಮಾನಿಸಿ ಮುಂದೆ ಸಾಗುತ್ತೇವೆ. ಈ ವರ್ಗೀಕರಣ ಎಷ್ಟರಮಟ್ಟಿಗೆ ಸಾಧು ಎಂಬುದನ್ನು ತುಳುನಾಡಿನ ಒಂದು ಸಾಕ್ಷ್ಯಸಮೂಹದ ಮೂಲಕ ಇಲ್ಲಿ ಪರೀಕ್ಷಿಸಲಾಗಿದೆ. ವಿಟ್ಲ, ಬಂಟ್ವಾಳ, ಬೆಳ್ತಂಗಡಿಯ ಸೀಮೆಗಳಲ್ಲಿ ಕಲ್ಕುಡ ಮತ್ತು ಕಲ್ಲುರ್ಟಿ ದೈವಗಳಿಗೆ ನಡೆಯುವ ಆರಾಧನೆ ಸುಪರಿಚಿತವಾದುದು. ಆ ದೈವಗಳ ಪಾಡ್ದನವನ್ನೂ ಕಾರ್ಕಳ ವೇಣೂರುಗಳ ಗೊಮ್ಮಟ ಶಾಸನಗಳನ್ನೂ ಎದುರುಬದುರು ನಿಲ್ಲಿಸಿ ನೋಡುವುದು ಈ ಲೇಖನದ ಉದ್ದೇಶ.

೨

ಮೊದಲು ಸಮಸ್ಯೆಯ ಯಂತ್ರವನ್ನು ಬಿಚ್ಚಿ ನೋಡೋಣ. ವಿಟ್ಲದ ಪೇಟೆಯಲ್ಲಿ ಮಾರ್ಗಗಳು ಕವಲೊಡೆಯುವಲ್ಲಿ ಒಬ್ಬನು ನಿಂತಿದ್ದಾನೆ ಎಂದಿಟ್ಟುಕೊಳ್ಳೋಣ. ಅವನು ಸತ್ಯವಾದಿಯೋ ಮಿಥ್ಯಾವಾದಿಯೋ ತಿಳಿಯದು. ಪುತ್ತೂರಿಗೆ ಹೋಗಬೇಕಾದ ಪರಸ್ಥಳದವನು ಅವನಿಗೆ ಒಂದೇ ಪ್ರಶ್ನೆ ಹಾಕಬಹುದು. "ಈ ಮಾರ್ಗ ಪುತ್ತೂರಿಗೆ ಹೋಗುತ್ತದೆಯೆ ಎಂದು ಕೇಳಿದರೆ ನೀವು ಹೌದೆನ್ನುವಿರಾ?" ಎಂಬುದೇ ಆ ಪ್ರಶ್ನೆ. ಮಾರ್ಗ ಸರಿಯಾಗಿದ್ದರೆ ಸತ್ಯವಾದಿ ಹೌದೆನ್ನುತ್ತಾನೆ. ಮಿಥ್ಯಾವಾದಿ ನೇರ ಪ್ರಶ್ನೆಗೆ ಅಲ್ಲವೆನ್ನುವವನು. ಆದರೆ ತಾನು ಹಾಗೆನ್ನುವೆನೆಂಬುದನ್ನೂ ಅವನು ಸುಳ್ಳಾಗಿಯೇ ಹೇಳಬೇಕಾದುದರಿಂದ ಅವನ ಬಾಯಿಂದಲೂ ಹೌದೆಂದೇ ಬರುತ್ತದೆ. ಹೇಳುವವನು ಯಾರೆಂದು ತಿಳಿಯದೆಯೇ ಮಾರ್ಗ ತಿಳಿಯುತ್ತದೆ. ಈ ಬಗೆಯ ಸಮಸ್ಯೆಗಳ ಸಾರವೆಲ್ಲ ಇಲ್ಲಿದೆ: ಹೇಳುವವನ ಸ್ವಭಾವ ಏನೇ ಇರಲಿ, ಉತ್ತರ ಬದಲಾಗದಂತಹ ಪ್ರಶ್ನೆಯನ್ನು ಹುಡುಕಬೇಕು.

ಪರ್ಯಾಯವಾದಿಯ ವಿಷಯದಲ್ಲಿ ಇನ್ನೊಂದು ಉಪಾಯವುಂಟು. ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು, ಉದಾಹರಣೆಗೆ ಎರಡು ಮತ್ತು ಎರಡು ಕೂಡಿದರೆ ನಾಲ್ಕೇ ಎಂಬುದನ್ನು, ಎರಡು ಸಲ ಕೇಳಬೇಕು. ಎರಡು ಸಲವೂ ಹೌದೆಂದವನು ಸತ್ಯವಾದಿ. ಎರಡು ಸಲವೂ ಅಲ್ಲವೆಂದವನು ಮಿಥ್ಯಾವಾದಿ. ಉತ್ತರ ಬದಲಿಸಿದವನು ಪರ್ಯಾಯವಾದಿ. ಬದಲಿಸಿದ ಕ್ರಮವನ್ನು ನೋಡಿದರೆ ಅವನ ಮೂರನೆಯ ಮಾತು ನಿಜವೋ ಸುಳ್ಳೋ ಎಂಬುದೂ ನಿಶ್ಚಯವಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪರ್ಯಾಯವಾದಿಯ ಯಾವ ಮಾತೂ ಅರ್ಧಸತ್ಯವಲ್ಲ. ಪ್ರತಿಯೊಂದು ಮಾತೂ ಪೂರ್ಣವಾಗಿ ನಿಜ, ಇಲ್ಲವೆ ಪೂರ್ಣವಾಗಿ ಸುಳ್ಳು. ಆದುದರಿಂದ, ಎರಡು ಆಕರಗಳು ಪರಸ್ಪರ ವಿರೋಧಿಸಿದಾಗ ನಿಜವು ನಡುವೆ ಎಲ್ಲಿಯೋ ಇದೆಯೆಂದು ಸಮಾಧಾನ ಹೇಳುವ ನಮ್ಮ ರೂಢಿಗೆ ತರ್ಕದ ಆಧಾರವಿಲ್ಲ. ಮಾತುಗಳನ್ನು ಒಂದೊಂದಾಗಿ ಬಿಡಿಸಿ, ಗೊತ್ತಿರುವ ಸಂಗತಿಯ ಒರೆಗಲ್ಲಿಗೆ ಹಚ್ಚಬೇಕೇ ಹೊರತು ಒಟ್ಟಾಗಿ ತೂಗಿ ಸರಾಸರಿ ತೆಗೆಯುವಂತಿಲ್ಲ.

೩

ಈಗ ನಮ್ಮ ಸಾಕ್ಷಿಗಳನ್ನು ಕರೆಯೋಣ. ಕಾರ್ಕಳದ ಗೊಮ್ಮಟನ ಶಾಸನದ ಪ್ರಕಾರ, ಸೋಮವಂಶದ ಭೈರವನ ಮಗನಾದ ವೀರಪಾಂಡ್ಯನು ಗುರು ಲಲಿತಕೀರ್ತಿಯ ಉಪದೇಶದಂತೆ ೧೪೩೨ರಲ್ಲಿ ಸುಮಾರು ೪೨ ಅಡಿಗಳ ಆ ಮೂರ್ತಿಯನ್ನು ನಿಲ್ಲಿಸಿದನು. ಇಂದಿನ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸುಮಾರು ೩೫ ಅಡಿಗಳ ಗೊಮ್ಮಟನನ್ನು ೧೬೦೪ರಲ್ಲಿ ಅಜಿಲ ವಂಶದ ತಿಮ್ಮರಾಜನು ಬೆಳ್ಗೊಳದ ಚಾರುಕೀರ್ತಿಯ ಉಪದೇಶದಂತೆ ಪ್ರತಿಷ್ಠಿಸಿದನು. ಎರಡು ಕಡೆಗಳಲ್ಲಿಯೂ ಅರಸನ ಹೆಸರಿದೆ, ಗುರುವಿನ ಹೆಸರಿದೆ, ಕಾಲವಿದೆ. ಬಂಡೆಯನ್ನು ಕಡೆದು ಮೂರ್ತಿಯನ್ನಾಗಿಸಿದ ಶಿಲ್ಪಿಯ ಹೆಸರಿಲ್ಲ.

ಪಾಡ್ದನದ ಕಥೆ ಬೇರೆ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿಟ್ಟ, ಅವರು ೧೮೮೨ರಲ್ಲಿ ತೀರಿಕೊಂಡ ಬಳಿಕ ೧೮೯೪ರಿಂದ ೧೮೯೭ರ ವರೆಗೆ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಬೆಳಕು ಕಂಡ ತುಳು ದೈವಕಥೆಗಳಲ್ಲಿ ಇದೂ ಒಂದು. ಸ್ಥೂಲವಾಗಿ ಕಥೆ ಹೀಗಿದೆ. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳ್ಗೊಳಕ್ಕೆ ಹೋಗಿ ಗೊಮ್ಮಟನನ್ನು ಕಡೆಯುತ್ತಾನೆ. ತಂದೆಯನ್ನು ಅರಸಿಕೊಂಡು ಬಂದ ಮಗ ಬೀರ ಕಲ್ಕುಡನು ತಂದೆಯ ಕೆಲಸದಲ್ಲಿ ಒಂದು ದೋಷವನ್ನು ತೋರಿಸುತ್ತಾನೆ. ಅವಮಾನವನ್ನು ತಾಳಲಾರದೆ ತಂದೆ ಪ್ರಾಣವನ್ನು ನೀಗುತ್ತಾನೆ. ಮಗನು ಕಾರ್ಕಳಕ್ಕೆ ಬಂದು ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಇಂತಹ ಕೆಲಸ ಬೇರೆ ರಾಜ್ಯದಲ್ಲಿ ಆಗಕೂಡದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಅದೇ ಅಂಗಹೀನ ಶಿಲ್ಪಿ ವೇಣೂರಿಗೆ ಹೋಗಿ, ತಿಮ್ಮಣ್ಣ ಅಜಿಲನ ಆಶ್ರಯದಲ್ಲಿ ಉಳಿದ ಒಂದೇ ಕೈಯಿಂದ ಇನ್ನೊಂದು ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನನ್ನು ಹುಡುಕುತ್ತ ಬಂದ ತಂಗಿ ಅವನ ಸ್ಥಿತಿಯನ್ನು ಕಂಡು ಮರುಗುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ಅನ್ಯಾಯ ಮಾಡಿದ ಅರಸನನ್ನು ಕಾಡುತ್ತಾರೆ. ಆ ತಂಗಿಯೇ ಕಲ್ಲುರ್ಟಿ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇಂದಿಗೂ ಆಕೆಗೆ ಅಗೇಲು ಸೇವೆ ಸಲ್ಲಿಸುವ ಭಕ್ತರು ಅಸಂಖ್ಯರು. ಕಳವು, ಮೋಸ, ಸುಳ್ಳು ಮಾತು ಇವುಗಳಿಂದ ನೊಂದವರು ಮೊರೆಹೋಗುವ ದೈವವದು.

ಗೊತ್ತಿರುವ ಪ್ರಶ್ನೆಯನ್ನು ಕೇಳುವ ಉಪಾಯವನ್ನು ಇಲ್ಲಿ ಪ್ರಯೋಗಿಸೋಣ. ಬೆಳ್ಗೊಳದ ಮೂರ್ತಿ ಚಾವುಂಡರಾಯನ ಕಾಲದ್ದು, ಸುಮಾರು ೯೮೧ಕ್ಕೆ ಸೇರಿದ್ದು. ಅಲ್ಲಿಂದ ಕಾರ್ಕಳಕ್ಕೆ ಸುಮಾರು ೪೫೦ ವರ್ಷ. ಕಾರ್ಕಳದಿಂದ ವೇಣೂರಿಗೆ ೧೭೨ ವರ್ಷ. ಪಾಡ್ದನವು ೬೦೦ಕ್ಕೂ ಮಿಕ್ಕ ವರ್ಷಗಳನ್ನು ತಂದೆ ಮಗ ಎಂಬ ಎರಡು ತಲೆಗಳಲ್ಲಿ ಅಡಗಿಸಿದೆ. ಈ ಒಂದು ಪ್ರಶ್ನೆಗೆ ಅದು ಕೊಟ್ಟ ಉತ್ತರ ಸುಳ್ಳು. ಇದರಲ್ಲಿ ಎರಡು ಮಾತಿಲ್ಲ. ಪಾಡ್ದನವನ್ನು ಮಿಥ್ಯಾವಾದಿಯೆಂದು ತಳ್ಳಿಹಾಕುವವರು ಇಲ್ಲಿಗೇ ವಿಚಾರಣೆಯನ್ನು ನಿಲ್ಲಿಸುತ್ತಾರೆ.

ಆದರೆ ಗೊತ್ತಿರುವ ಪ್ರಶ್ನೆಗಳು ಇನ್ನೂ ಇವೆ. ಮೂರು ಮೂರ್ತಿಗಳಲ್ಲಿ ಮೊದಲಿನದು ಯಾವುದು? ಬೆಳ್ಗೊಳದ್ದು ಎನ್ನುತ್ತದೆ ಪಾಡ್ದನ, ನಿಜ. ಎರಡನೆಯದು ಕಾರ್ಕಳದ್ದು, ಮೂರನೆಯದು ವೇಣೂರಿನದು, ಅದೂ ನಿಜ. ಕಾರ್ಕಳದಲ್ಲಿ ಮಾಡಿಸಿದವರು ಯಾರು? ಭೈರರಸರು, ನಿಜ. ವೇಣೂರಿನಲ್ಲಿ? ತಿಮ್ಮಣ್ಣ ಅಜಿಲ, ಶಾಸನದ ತಿಮ್ಮರಾಜನೇ ಅವನು. ಹೀಗೆ ಅನುಕ್ರಮವನ್ನೂ ಆಶ್ರಯದಾತರ ಮನೆತನಗಳನ್ನೂ ಕುರಿತ ಪ್ರಶ್ನೆಗಳಿಗೆ ಪಾಡ್ದನ ತಪ್ಪದೆ ಸರಿಯಾದ ಉತ್ತರ ಕೊಡುತ್ತದೆ. ಅಂತರವನ್ನು ಕುರಿತ ಪ್ರಶ್ನೆಗೆ ತಪ್ಪು ಉತ್ತರ ಕೊಡುತ್ತದೆ. ಅದರ ನಿಜ ಸುಳ್ಳುಗಳು ಸರದಿಯಂತೆ ಬರುವುದಿಲ್ಲ, ಮನಬಂದಂತೆಯೂ ಬರುವುದಿಲ್ಲ. ಪ್ರಶ್ನೆಯ ಜಾತಿಯನ್ನು ಅನುಸರಿಸಿ ಬರುತ್ತವೆ. ಸಮಸ್ಯಾಗ್ರಂಥಗಳ ಮೂವರಲ್ಲಿ ಯಾರೂ ಈ ಸಾಕ್ಷಿಗೆ ಹೊಂದುವುದಿಲ್ಲ.

ಹೊಂದಿಕೆಯಾದ ಮಾತ್ರಕ್ಕೆ ಪಾಡ್ದನವು ಪ್ರತ್ಯಕ್ಷದರ್ಶಿಯ ಹೇಳಿಕೆಯಾಗಲಾರದು. ಮೂರ್ತಿಗಳು ಎಲ್ಲರ ಕಣ್ಣೆದುರಿಗೇ ನಿಂತಿದ್ದುವು. ಅರಸುಮನೆತನಗಳ ನೆನಪೂ ಜನರಲ್ಲಿತ್ತು. ಅಲ್ಲದೆ, ವೇಣೂರಿನ ಪ್ರಸ್ತಾಪವಿರುವುದರಿಂದ ಪಾಡ್ದನದ ಈ ರೂಪ ೧೬೦೪ಕ್ಕಿಂತ ಹಿಂದಿನದಾಗಲಾರದು. ಬರ್ನೆಲ್ ಅವರ ಸಂಗ್ರಹದಲ್ಲಿರುವುದರಿಂದ ೧೮೮೨ಕ್ಕಿಂತ ಈಚಿನದೂ ಆಗಲಾರದು. ಕಾರ್ಕಳದ ಅರಸನ ಮೇಲಿನ ಆರೋಪವು ಈ ರೂಪದಲ್ಲಿ ದಾಖಲಾದುದು ಘಟನೆ ನಡೆಯಿತೆನ್ನಲಾದ ಕಾಲಕ್ಕೆ ಕನಿಷ್ಠ ೧೭೨ ವರ್ಷಗಳ ತರುವಾಯ.

೪

ಶಾಸನವಾದರೂ ಸತ್ಯವಾದಿಯೆ? ಅದರ ಮಾತುಗಳನ್ನೂ ಹೀಗೆಯೇ ಬಿಡಿಸಬೇಕು. ಕಾಲವನ್ನು ಹೇಳುವಲ್ಲಿ ಅದನ್ನು ನಂಬಲು ಅಡ್ಡಿಯಿಲ್ಲ. ಆದರೆ ವೇಣೂರಿನ ಶಾಸನ ತಿಮ್ಮರಾಜನನ್ನು ಚಾಮುಂಡನ ವಂಶದವನೆಂದು ಕರೆಯುತ್ತದೆ. ಬೆಳ್ಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಿಗೂ ವೇಣೂರಿನ ಅರಸನಿಗೂ ನಡುವೆ ಆರು ಶತಮಾನಗಳ ಅಂತರವಿದೆ. ವಂಶಪ್ರಶಸ್ತಿಗಳ ವಿಷಯದಲ್ಲಿ ಇತಿಹಾಸಕಾರರು ಎಷ್ಟು ಎಚ್ಚರದಿಂದಿರಬೇಕೆಂಬುದು ಎಲ್ಲರಿಗೂ ತಿಳಿದಿದೆ. ಕದಂಬರಿಂದ ವಿಜಯನಗರದ ವರೆಗೆ ಪುರಾಣಪುರುಷರಿಂದ ಇಳಿದುಬಂದೆವೆನ್ನದ ಅರಸರು ವಿರಳ.

ಇಲ್ಲಿ ಎರಡು ಸಾಕ್ಷಿಗಳ ನಡುವೆ ಒಂದು ಹೋಲಿಕೆ ಕಾಣುತ್ತದೆ. ವೇಣೂರಿನ ಅರಸನು ವಂಶದ ಮೂಲಕ ಬೆಳ್ಗೊಳವನ್ನು ಮುಟ್ಟುತ್ತಾನೆ. ವೇಣೂರಿನ ಶಿಲ್ಪಿ ತಂದೆಯ ಮೂಲಕ ಬೆಳ್ಗೊಳವನ್ನು ಮುಟ್ಟುತ್ತಾನೆ. ಮಾಡಿಸಿದವನಿಗೂ ಮಾಡಿದವನಿಗೂ ಪ್ರಮಾಣವಾದುದು ಅದೇ ಮೊದಲ ಮೂರ್ತಿ. ಆರು ಶತಮಾನಗಳನ್ನು ಇಬ್ಬರೂ ರಕ್ತಸಂಬಂಧದ ಸೇತುವೆಯಿಂದ ದಾಟಿದ್ದಾರೆ. ಒಂದನ್ನು ವಂಶಾವಳಿಯೆಂದು ಗೌರವಿಸಿ ಇನ್ನೊಂದನ್ನು ಕಟ್ಟುಕಥೆಯೆಂದು ಜರೆಯುವುದು ನ್ಯಾಯವಲ್ಲ. ಶಾಸನವೆಂಬ ಕಾರಣಕ್ಕೆ ಒಂದಕ್ಕೆ ವಿನಾಯಿತಿ ಕೊಡುವುದಾದರೆ, ನಾವು ಪರೀಕ್ಷಿಸುತ್ತಿರುವುದು ಮಾತನ್ನಲ್ಲ, ಮಾತನಾಡಿದವನ ಪದವಿಯನ್ನು.

ಸಮಸ್ಯಾಗ್ರಂಥಗಳಲ್ಲಿ ಕಾಣದ ಇನ್ನೊಂದು ಸಂಗತಿಯನ್ನು ಶಾಸನ ಎದುರಿಗಿಡುತ್ತದೆ. ಅದು ಮೌನ. ಅಲ್ಲಿ ಪ್ರತಿಯೊಬ್ಬನೂ ಹೌದು ಇಲ್ಲವೆ ಅಲ್ಲ ಎಂದು ಉತ್ತರಿಸಲೇಬೇಕು. ಇಲ್ಲಿ, ಮೂರ್ತಿಯನ್ನು ಕಡೆದವರು ಯಾರೆಂಬ ಪ್ರಶ್ನೆಗೆ ಶಾಸನ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಕಲ್ಲಿನ ಮೇಲೆ ಶಿಲ್ಪಿಯ ಹೆಸರು ಬರೆಯುವ ವಾಡಿಕೆಯೇ ನಮ್ಮ ನಾಡಿನಲ್ಲಿರಲಿಲ್ಲವೆನ್ನುವಂತಿಲ್ಲ. ಹೊಯ್ಸಳ ದೇವಾಲಯಗಳಲ್ಲಿ ಬಳ್ಳಿಗಾವೆಯ ದಾಸೋಜ, ಮಲ್ಲಿತಮ್ಮ ಮೊದಲಾದವರು ತಮ್ಮ ಹೆಸರುಗಳನ್ನು ಕೆತ್ತಿಟ್ಟಿದ್ದಾರೆ. ಇನ್ನು ಬೆಳ್ಗೊಳದ ಮೂರ್ತಿಯ ಪಾದದ ಬಳಿಯ ಬರಹದ ಕ್ರಿಯಾಪದವನ್ನು ನೋಡಿ. ಚಾವುಂಡರಾಜನು 'ಮಾಡಿಸಿದನು' ಎಂದಿದೆ, 'ಮಾಡಿದನು' ಎಂದಿಲ್ಲ. ಕನ್ನಡ ವ್ಯಾಕರಣದ ಪ್ರೇರಣಾರ್ಥಕ ಪ್ರತ್ಯಯವೊಂದು, ಬರೆಯಿಸಿದವನ ಉದ್ದೇಶವಿರಲಿ ಇಲ್ಲದಿರಲಿ, ಮಾಡಿದವನು ಬೇರೊಬ್ಬನಿದ್ದನೆಂದು ಸಾಕ್ಷಿ ನುಡಿಯುತ್ತಿದೆ. ಹೇಳುವವನ ಸ್ವಭಾವವನ್ನು ಅವಲಂಬಿಸದ ಉತ್ತರವೆಂದರೆ ಇಂಥದೇ. ಸಮಸ್ಯೆ ಬಿಡಿಸುವವನು ಅದನ್ನು ಜಾಣ ಪ್ರಶ್ನೆಯಿಂದ ಪಡೆಯುತ್ತಾನೆ. ಇತಿಹಾಸಕಾರನ ಸಾಕ್ಷಿಗಳು ತಮ್ಮ ಮಾತನ್ನು ಆಗಲೇ ಮುಗಿಸಿಬಿಟ್ಟಿವೆ; ಆದುದರಿಂದ ಅವನು ಅವು ಹೇಳಬೇಕೆಂದುಕೊಳ್ಳದೆ ಹೇಳಿದುದರಲ್ಲಿ ಅದನ್ನು ಹುಡುಕಬೇಕು.

ಆ ಮೌನದಲ್ಲಿ ಉಳಿದುಹೋದ ಸ್ಥಾನವನ್ನು ಪಾಡ್ದನ ತುಂಬುತ್ತದೆ. ಯಾವ ಹೆಸರಿನಿಂದ? ಕಲ್ಕುಡ ಎಂಬ ಹೆಸರಿನಲ್ಲಿಯೇ ಕಲ್ಲುಕುಟಿಗನೆಂಬ ಅರ್ಥವಿದೆ. ಹಾಗೆ ನೋಡಿದರೆ, ಬೆಳ್ಗೊಳ, ಕಾರ್ಕಳ, ವೇಣೂರು ಮೂರನ್ನೂ ಕಡೆದವರು ಕಲ್ಕುಡರೆಂಬ ಮಾತು ವ್ಯಕ್ತಿಯ ವಿಷಯದಲ್ಲಿ ಅಸಂಭವವಾದರೂ ವೃತ್ತಿಯ ವಿಷಯದಲ್ಲಿ ಅಕ್ಷರಶಃ ಸತ್ಯ.

೫

ಒಂದೇ ವಾಕ್ಯ ಒಂದು ದೃಷ್ಟಿಯಿಂದ ಸುಳ್ಳಾಗಿ ಇನ್ನೊಂದು ದೃಷ್ಟಿಯಿಂದ ನಿಜವಾಗುವುದು ತರ್ಕಕ್ಕೆ ಹೊರತಾದ ಮಾತೆಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ತರ್ಕಪರಂಪರೆ ಹಾಗೆ ಭಾವಿಸಿಲ್ಲ. ನಾನು ಹೇಳುವುದೆಲ್ಲ ಸುಳ್ಳು ಎಂಬ ವಾಕ್ಯದ ಒಗಟು ಗ್ರೀಕರಲ್ಲಿ ಕ್ರೀಟಿನ ಎಪಿಮೆನಿಡೀಸನ ಹೆಸರಿಗೆ ಅಂಟಿಕೊಂಡಿದೆ. ಐದನೆಯ ಶತಮಾನದ ವೈಯಾಕರಣ ಭರ್ತೃಹರಿ ಅದನ್ನು 'ವಾಕ್ಯಪದೀಯ'ದಲ್ಲಿ ಎತ್ತಿಕೊಂಡು, ಹಾಗೆನ್ನುವವನು ಆ ವಾಕ್ಯವನ್ನೇ ಕುರಿತು ಹೇಳಬಯಸಿಲ್ಲವೆಂದು ಪರಿಹಾರ ಸೂಚಿಸಿದನು. ಹೇಳುವವನ ಸ್ವಭಾವದಿಂದ ಅವನ ವಿವಕ್ಷೆಯ ಕಡೆಗೆ, ಎಂದರೆ ಅವನು ಏನನ್ನು ಹೇಳಲು ಹೊರಟಿದ್ದಾನೆಂಬುದರ ಕಡೆಗೆ, ವಿಚಾರವನ್ನು ತಿರುಗಿಸಿದುದು ಅವನ ಹೆಚ್ಚುಗಾರಿಕೆ. ವಿವಕ್ಷೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಭಾರತದ ಧರ್ಮರಾಯನೇ ನಿದರ್ಶನ. ಅಶ್ವತ್ಥಾಮನೆಂಬ ಆನೆ ಸತ್ತಿತ್ತು. ಅವನಾಡಿದ ಶಬ್ದಗಳಲ್ಲಿ ಸುಳ್ಳಿರಲಿಲ್ಲ. ಆದರೂ ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ಅವನ ರಥ ನೆಲಕ್ಕಿಳಿಯಿತು.

ಜೈನ ತಾರ್ಕಿಕರು ಇದನ್ನು ಇನ್ನೂ ವ್ಯವಸ್ಥಿತವಾಗಿ ವಿಚಾರಿಸಿದ್ದಾರೆ. 'ಸ್ಯಾತ್', ಎಂದರೆ ಒಂದು ಅಪೇಕ್ಷೆಯಿಂದ, ಎಂಬ ವಿಶೇಷಣವನ್ನು ಪ್ರತಿಯೊಂದು ವಾಕ್ಯಕ್ಕೂ ಸೇರಿಸಿ, ಏಳು ಭಂಗಗಳಲ್ಲಿ ಅದರ ಸತ್ಯಾಸತ್ಯವನ್ನು ನಿರೂಪಿಸುವುದು ಅವರ ಕ್ರಮ. 'ಅವಕ್ತವ್ಯ' ಎಂಬ ಭಂಗಕ್ಕೂ ಅಲ್ಲಿ ಸ್ಥಾನವುಂಟು. ೮೧೬ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಧವಲಾ ಟೀಕೆಯ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡಬಿದಿರೆ ಈ ವಿದ್ಯೆಯ ದೊಡ್ಡ ಪೀಠ. ಅಲ್ಲಿಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಿಗೂ ನಡುವೆ ಎರಡೇ ವರ್ಷಗಳ ಅಂತರ. ಜೈನ ಅರಸನೊಬ್ಬನನ್ನು ದೂರುವ ಪಾಡ್ದನವನ್ನು ಓದಲು ಬೇಕಾದ ಉಪಕರಣ ಅದೇ ಅರಸನ ಗುರುಪರಂಪರೆಯಲ್ಲಿಯೇ ದೊರೆಯುತ್ತದೆಂಬುದು ನೆನಪಿನಲ್ಲಿಡಬೇಕಾದ ವಿಷಯ. ಕಾಲಗಣನೆಯ ಅಪೇಕ್ಷೆಯಿಂದ ಪಾಡ್ದನ ಅಸತ್ಯ. ಅನುಕ್ರಮದ ಅಪೇಕ್ಷೆಯಿಂದ ಸತ್ಯ. ಕೈಕಾಲುಗಳನ್ನು ಕಡಿಸಿದ ಆರೋಪದ ವಿಷಯದಲ್ಲಿ, ನಮ್ಮ ಬಳಿಯಿರುವ ಸಾಕ್ಷ್ಯದಿಂದ ಸತ್ಯವೆಂದಾಗಲಿ ಅಸತ್ಯವೆಂದಾಗಲಿ ನಿರ್ಣಯಿಸಲಾಗದು.

ಆ ಆರೋಪವನ್ನು ಕುರಿತು ಒಂದು ಮಾತು. ಅದ್ಭುತವಾದ ಕೃತಿ ಮುಗಿದೊಡನೆ ಮಾಡಿದವನನ್ನು ಅಂಗಹೀನನನ್ನಾಗಿಸುವ ಕಥೆ ಕಾರ್ಕಳಕ್ಕೆ ಸೀಮಿತವಲ್ಲ. ತಾಜಮಹಲಿನ ಕೆಲಸಗಾರರ ಕೈ ಕಡಿಸಿದರೆಂದೂ, ಮಾಸ್ಕೋದ ಸಂತ ಬೆಸಿಲನ ಇಗರ್ಜಿಯನ್ನು ಕಟ್ಟಿದವರ ಕಣ್ಣು ಕೀಳಿಸಿದರೆಂದೂ ಐತಿಹ್ಯಗಳಿವೆ. ಎರಡಕ್ಕೂ ಚಾರಿತ್ರಿಕ ಆಧಾರವಿಲ್ಲ. ಇಂತಹ ಸಂಚಾರಿ ಕಥೆಯ ಬಲದಿಂದ ವೀರಪಾಂಡ್ಯನನ್ನು ಕ್ರೂರಿಯೆಂದು ಬರೆಯುವುದು ಸಾಕ್ಷ್ಯವಿಮರ್ಶೆಯಾಗದು. ಹಾಗೆಂದು ಕಥೆ ನಿರರ್ಥಕವೂ ಅಲ್ಲ. ಕೈದಾಳದ ಜಕಣಾಚಾರಿಯ ಐತಿಹ್ಯದೊಡನೆ ಇದನ್ನು ಹೋಲಿಸಬೇಕು. ಅಲ್ಲಿಯೂ ಮಗ ತಂದೆಯ ಮೂರ್ತಿಯಲ್ಲಿ ದೋಷವನ್ನು ಹಿಡಿಯುತ್ತಾನೆ. ಅಲ್ಲಿಯೂ ಶಿಲ್ಪಿಯ ಕೈ ಹೋಗುತ್ತದೆ. ಆದರೆ ಅಲ್ಲಿ ಕೈಯನ್ನು ಕತ್ತರಿಸಿಕೊಳ್ಳುವವನು ಶಿಲ್ಪಿಯೇ. ಚೆನ್ನಕೇಶವನ ಅನುಗ್ರಹದಿಂದ ಅದು ಮರಳಿ ಬರುತ್ತದೆ. ಇಲ್ಲಿ ಕಡಿಸುವವನು ಅರಸ; ಕೈ ಮರಳಿ ಬರುವುದಿಲ್ಲ; ಅದಕ್ಕೆ ಬದಲಾಗಿ ಶಿಲ್ಪಿಯೂ ಅವನ ತಂಗಿಯೂ ದೈವಗಳಾಗಿ ನ್ಯಾಯವನ್ನು ಕೇಳುತ್ತಾರೆ. ಕುಶಲಿಯ ಕೈಯ ಮೇಲೆ ಒಡೆತನ ಯಾರದೆಂಬ ಪ್ರಶ್ನೆಯನ್ನು ಒಂದು ಕಥೆ ದೇವರಿಗೆ ಒಪ್ಪಿಸಿದೆ, ಇನ್ನೊಂದು ಅರಸನನ್ನೇ ಕಟಕಟೆಗೆ ತಂದಿದೆ. ೧೬೦೪ರಿಂದ ೧೮೮೨ರ ನಡುವೆ ಯಾವುದೋ ಕಾಲದಲ್ಲಿ ತುಳುನಾಡಿನ ಜನ ಈ ದೂರನ್ನು ಹಾಡಾಗಿ ಕಟ್ಟಿ, ದೈವದ ನೇಮದಲ್ಲಿ ಊರೆಲ್ಲ ಕೇಳುವಂತೆ ಹಾಡಿದರೆಂಬುದು ನಿಶ್ಚಿತವಾದ ಚಾರಿತ್ರಿಕ ಘಟನೆ. ಅದಕ್ಕೆ ಪಾಡ್ದನವೇ ಸಾಕ್ಷಿ; ಈ ಸಾಕ್ಷ್ಯವನ್ನು ಅಲ್ಲಗಳೆಯುವಂತಿಲ್ಲ.

೬

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಸತ್ಯವಾದಿ, ಮಿಥ್ಯಾವಾದಿ, ಪರ್ಯಾಯವಾದಿ ಎಂಬ ವಿಭಾಗ ವ್ಯಕ್ತಿಗಳನ್ನು ಕುರಿತದ್ದು. ಸತ್ಯಾಸತ್ಯಗಳು ವಾಕ್ಯಗಳಿಗೆ ಸೇರಿದುವು. ಸಮಸ್ಯೆಯನ್ನು ಕಟ್ಟುವವನು ಸಾಕ್ಷಿಯ ಸ್ವಭಾವದ ನಿಯಮವನ್ನು ಮೊದಲೇ ಹೇಳಿಬಿಡುತ್ತಾನೆ. ಇತಿಹಾಸದಲ್ಲಿ ಆ ನಿಯಮವನ್ನೇ ಸಾಕ್ಷ್ಯದಿಂದ ಕಂಡುಕೊಳ್ಳಬೇಕು. ಕಂಡುಕೊಳ್ಳುವ ದಾರಿಯನ್ನು ಮಾತ್ರ ಈ ವಿನೋದಗಳು ಸರಿಯಾಗಿಯೇ ತೋರಿಸಿಕೊಟ್ಟಿವೆ: ಗೊತ್ತಿರುವುದನ್ನು ಮೊದಲು ಕೇಳಿ ಸಾಕ್ಷಿಯನ್ನು ಅರಿತುಕೊಳ್ಳುವುದು, ಬಳಿಕ ಗೊತ್ತಿಲ್ಲದುದರ ಕಡೆಗೆ ಹೋಗುವುದು.

ಇದರಿಂದ ಕೂಡಲೇ ಆಗಬೇಕಾದ ಕೆಲಸವೊಂದಿದೆ. ಕಲ್ಕುಡ ಕಲ್ಲುರ್ಟಿಯರ ಪಾಡ್ದನ ಒಂದೇ ರೂಪದಲ್ಲಿಲ್ಲ; ಹಾಡುವವರಿಂದ ಹಾಡುವವರಿಗೆ, ಊರಿಂದ ಊರಿಗೆ ಅದು ಬೇರೆಯಾಗುತ್ತದೆ. ವಿಟ್ಲ ಸೀಮೆಯಿಂದ ವೇಣೂರಿನ ವರೆಗೆ ದೊರೆಯುವ ಪಾಠಗಳನ್ನೆಲ್ಲ ಹಾಡಿದ ಊರು, ಸಂದರ್ಭ, ದಿನಾಂಕಗಳೊಡನೆ ಸಂಗ್ರಹಿಸಿ, ಮೂರ್ತಿಗಳ ಅನುಕ್ರಮ, ಅರಸರ ಹೆಸರು, ಕಡಿದ ಅಂಗ, ವೇಣೂರಿನ ಪ್ರಸಂಗ ಈ ನಾಲ್ಕು ಅಂಶಗಳನ್ನು ಒಂದೊಂದು ಪಾಠದಲ್ಲಿಯೂ ಗುರುತಿಸಬೇಕು. ವೇಣೂರಿನ ಪ್ರಸ್ತಾಪವೇ ಇಲ್ಲದ ಪಾಠಗಳಲ್ಲಿ ಅರಸನ ಮೇಲಿನ ಆರೋಪ ಯಾವ ರೂಪದಲ್ಲಿದೆಯೆಂಬುದು ವಿಶೇಷವಾಗಿ ಪರೀಕ್ಷಿಸತಕ್ಕ ವಿಷಯ. ೧೬೦೪ರ ಮೇರೆಯನ್ನು ದಾಟಿ ಹಿಂದೆ ಹೋಗಲು ಅವಕಾಶವಿದ್ದರೆ ಅದು ಅಲ್ಲಿಯೇ. ಅಲ್ಲಿಯ ವರೆಗೆ ವೀರಪಾಂಡ್ಯನನ್ನು ಅಪರಾಧಿಯೆನ್ನಲೂ ನಮಗೆ ಅಧಿಕಾರವಿಲ್ಲ, ಪಾಡ್ದನವನ್ನು ಸುಳ್ಳೆನ್ನಲೂ ಅಧಿಕಾರವಿಲ್ಲ.